ನಾಲ್ಕು ಸ್ಕ್ರೂಗಳ ಕುಂಕುಮ

ಸ್ಯಾನ್ ಹೊಸೆ
18 ಅಕ್ಟೋಬರ್ 1986

ಪ್ರೀತಿಯ ಅಜ್ಜಿಗೆ ನಮಸ್ಕಾರ.

ತಾತ ನನಗೆಂದು ಬಿಟ್ಟುಹೋದ ಗ್ರಾಮಫೋನನ್ನು ಇಲ್ಲಿನ ರಿಪೇರಿಯವನಿಗೆ ತೋರಿಸಿದೆ. "ಇಂಡಿಯಾದ್ದಾ? ಹಳೇ ಪಾರ್ಟ್ಸು ಜೋಡಿಸಿದ ಡೂಪ್ಲಿಕೇಟು," ಎಂದುಬಿಟ್ಟ, ಅದೂ ಜೊತೆಗೆ ಬಂದಿದ್ದ ನಮ್ಮ ಕಾಲೇಜಿನ ಫಸ್ಟ್ ಇಯರ್ ಹುಡುಗಿಯರ ಎದುರಿಗೆ. ನನಗೆ ಅಳುವೇ ಬಂತು. ಆಮೇಲೆ ಮೇಲುಹಲಗೆಯ ನಾಲ್ಕು ಸ್ಕ್ರೂಗಳ ಮೇಲಿರುವ ಕೆಂಪು ಏನೆಂದು ಕೇಳಿದ. ನಲವತ್ತು ವರ್ಷದಿಂದ ಪ್ರತಿ ಆಯುಧಪೂಜೆಗೂ ನಮ್ಮಜ್ಜಿ ಇಡುವ ಗಂಧ, ಕುಂಕುಮ ಎಂದೆ. ಒಂದರ ಮೇಲೊಂದು ಕೂತು ಎಲ್ಲೂ ಬಿರುಕು ಬಿಡದ ಆ ಪದರಗಳನ್ನು ಭೂತಗನ್ನಡಿಯಲ್ಲಿ ನೋಡಿ, "ಸಾರಿ, ಇದನ್ನ ನಲವತ್ತು ವರ್ಷದಿಂದ ಯಾರೂ ಬಿಚ್ಚೇ ಇಲ್ಲ. ಅಪ್ಪಟ ಒರಿಜಿನಲ್ಲು!" ಎಂದ. ಅಜ್ಜಿ, ನಾನು ಎಷ್ಟು ಬೀಗಿದೆ ಗೊತ್ತಾ!

ಈಗ ಒಳಗಿನ ಸ್ಪ್ರಿಂಗಿಗೆ ಗ್ರೀಸ್ ಹಾಕಲು ಕುಂಕುಮ ಕೆರೆದು ಸ್ಕ್ರೂ ತೆಗೆಯಬೇಕಂತೆ. ನಿನ್ನನ್ನು ಕೇಳದೆ ಮುಟ್ಟಕೂಡದು ಎಂದಿದ್ದೇನೆ. ಬೇಗ ಕಾಗದ ಬರೆ. "ಅಜ್ಜಿ ಪರ್ಮಿಷನ್ ಕೊಟ್ರಾ?" ಎಂದು ಅವನು ದಿನಾ ಫೋನ್ ಮಾಡುತ್ತಿದ್ದಾನೆ.

ನಿನ್ನ
ಮೈಥಿಲಿ