ನಿಮ್ಮ ಬೂದು ಕೋಟು

ರೀ,

ಇವತ್ತು ಸಂಜೆ ಗುರುತಿಲ್ಲದ ಗಂಡಸಿನ ಜೊತೆ ಕಾಫಿ ಕುಡಿದೆ. ನಗಬೇಡಿ. ಪಾರ್ಕಿನಲ್ಲಿ ಸಂಗೀತ ಇತ್ತು. ಬಯಲು, ಚಳಿ ಅಂತ ನಿಮ್ಮ ಬೂದು ಕೋಟು ಹಾಕ್ಕೊಂಡು ಹೋಗಿದ್ದೆ. "ಈ ಕುರ್ಚಿ ಖಾಲಿನಾ?" ಅಂತ ಪಕ್ಕದಲ್ಲಿ ಬಂದು ಕೂತವರು ಪಿಟೀಲಿನವನ ಮೀಸೆ ಬಗ್ಗೆ ಏನೋ ಅಂದರು. ನೀವು ಹೋದ ಮೇಲೆ ಈ ಎರಡು ವರ್ಷದಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ವಿರಾಮದಲ್ಲಿ "ಕಾಫಿ ಕುಡಿಯೋಣ್ವಾ?" ಅಂದರು. ಹೂಂ ಅಂದುಬಿಟ್ಟೆ ಕಣ್ರೀ, ನಾನು!

ಲೋಟ ಕೊಡುವಾಗ ಅವರ ಕಣ್ಣು ಕೋಟಿನ ಗುಂಡಿ ಮೇಲೆ ನಿಂತಿತು.

"ಗುಂಡಿಗೆ ನೀಲಿ ದಾರ ಹಾಕೋ ಟೈಲರ್ ನಾನೊಬ್ಬನೇ. ಇದು ನಿಮ್ಮಣ್ಣನವರದಾ? ಎರಡು ವರ್ಷದ ಹಿಂದೆ ಆರು ತಿಂಗಳಲ್ಲಿ ಮೂರು ಸಲ ಟೈಟ್ ಮಾಡಿಸ್ಕೊಂಡು ಹೋದ್ರು. ಪ್ರತಿ ಸಲಾನೂ ಒಂದೇ ಮಾತು, ನಾನು ಮೈ ಇಳಿದಿರೋದು ಹೆಂಡತಿಗೆ ಗೊತ್ತಾಗಬಾರದು ಅಂತ."

"ಆ ಹೆಂಡತಿ ನಾನೇ" ಅಂದೆ.

ಪಾಪ, ಅವರ ಕಾಫಿ ಅಂಗಿ ಮೇಲೆಲ್ಲ ಚೆಲ್ಲಿತು. ನಾನು ಎದ್ದು ಬಂದೆ. ಹೇಗೆ ಬಂದೆನೋ ಗೊತ್ತಿಲ್ಲ.

ಎಂಥ ಮನುಷ್ಯ ರೀ ನೀವು! ಕಾಯಿಲೆ ಬಂದು ಹದಿನೈದೇ ದಿನಕ್ಕೆ ಹೋದ್ರು ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದವಳು ನಾನು.

ಈಗ ಕೋಟನ್ನು ಒಳಮೈ ಹೊರಗೆ ಮಾಡಿ ಮಡಿಲಲ್ಲಿ ಇಟ್ಕೊಂಡಿದ್ದೀನಿ. ಬಿಚ್ಚಿದ ಹೊಲಿಗೆಯ ತೂತುಗಳು, ಮೂರು ಸಾಲು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಕಾಲರ್ ಸರಿಮಾಡಿ ಹೇಳ್ತಿದ್ದೆನಲ್ಲ, "ಹೊಲಿಸಿದ ದಿನ ಹೇಗಿತ್ತೋ ಹಾಗೇ ಕೂತಿದೆ ನೋಡಿ, ಒಂಚೂರೂ ಬದಲಾಗಿಲ್ಲ ನೀವು!"

ನೀವು ಹೂಂ ಅಂದು ಮೆಟ್ಟಿಲಿಳಿದು ಹೋಗ್ತಿದ್ರಿ.