ನಿನ್ನ ಕರಣೆ

ಅಪ್ಪಾ,

ನೀನು ಸತ್ತು ಮಣ್ಣಾದೆ, ಇದನ್ನು ಓದುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸಾಲುಮನೆಗಳ ನಡುವೆ ಖಾಲಿ ಬಿದ್ದಿದ್ದ ನಮ್ಮ ಜಾಗದಲ್ಲಿ ಮನೆ ಏಳುತ್ತಿದೆ. ಗಾರೆ ಕೆಲಸದವರ ಜೊತೆ ನಾನೂ ನಿಂತು, ನಿನ್ನ ಹಳೇ ಕರಣೆ ಹಿಡಿದು ಇಟ್ಟಿಗೆಗೆ ಸಿಮೆಂಟು ಮೆತ್ತುತ್ತೇನೆ.

ಬೆಳಿಗ್ಗೆ ಎಡಗಡೆ ಮನೆಯವನು ಬಂದ. "ಗೋಡೆ ನನ್ನ ಕಡೆ ಬಂದಿದೆ" ಅಂದ. "ದಾರ ಹಿಡಿದು ತೋರಿಸ್ತೀನಿ, ಬನ್ನಿ" ಅಂದೆ. ಅವನು ದಾರ ಕಿತ್ತೆಸೆದು, ಇನ್ನೂ ಹಸಿಯಿದ್ದ ಗೋಡೆಗೆ ಒದ್ದ. ಎದೆಮಟ್ಟ ಎದ್ದಿದ್ದ ಗೋಡೆ ಮಲಗಿಬಿಟ್ಟಿತು. ತಡೆಯಲು ಹೋದರೆ ನನ್ನ ಜಡೆ ಹಿಡಿದು ಜಗ್ಗಿದ. "ಹೇಳೋರು ಕೇಳೋರು ಇಲ್ಲ ಅಂತ ಎಷ್ಟು ಸೊಕ್ಕು ನಿನಗೆ" ಅಂದ.

ಕರಣೆ ಕೈಯಲ್ಲೇ ಇತ್ತು. ಅವನ ಮುಖಕ್ಕೆ ಬೀಸಿದೆ. ಜಡೆ ಬಿಟ್ಟ. ಬಿಟ್ಟ ಮೇಲೂ ಹೊಡೆದೆ. ಇಟ್ಟಿಗೆ ರಾಶಿಯ ಮೇಲೆ ಬಿದ್ದು ಕೈ ಮುಗಿಯುತ್ತಿದ್ದವನನ್ನು ಇನ್ನೂ ಹೊಡೆಯುತ್ತಲೇ ಇದ್ದೆನಂತೆ. ಮೇಸ್ತ್ರಿಯೇ ಬಂದು ಎಳೆದು ಬಿಡಿಸಿದರು. ಅವನ ಕಿವಿ ಹರಿದು, ಕಲಸಿಟ್ಟ ಸಿಮೆಂಟಿಗೆ ರಕ್ತ ಸುರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ಹಿತವಾಯಿತು.

ಅವನ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪೊಲೀಸರು ಬಂದರೆ ಬರಲಿ.

ಅಮ್ಮ ಬಲಗಡೆ ಗೋಡೆಗೆ ನೀರು ಹಾಕುತ್ತಿದ್ದವಳು ಎಲ್ಲವನ್ನೂ ನೋಡುತ್ತ ನಿಂತುಬಿಟ್ಟಿದ್ದಳು. ಕೈ ತೊಳೆಯೋಣ ಅಂತ ಹತ್ತಿರ ಹೋಗಿ, ಅವಳ ಕೊಡಕ್ಕೆ ಕೈ ಚಾಚಿದೆ.

ಅಮ್ಮ ಕೊಡ ಬಿಟ್ಟು, ಎರಡೂ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡಳು.

ನೀನು ಹೋದ ಮೇಲೆ ಅವಳು ಹಾಗೆ ಮಾಡಿದ್ದು ಇದೇ ಮೊದಲು.