ಸುಮಿತ್ರಾ ಯಾರು ಅಂತ ಕೇಳಿದರು

ರೂಪಾನ ಅಪ್ಪಾರ,

ನೀವು ಇದ್ದಾಗ ನಿಮಗೆ ಒಂದು ಚೀಟಿ ಕೂಡ ಬರೆದವಳಲ್ಲ ನಾನು. ಬರೆಯುವ ಗರಜು ಎಲ್ಲಿತ್ತು? ಬೆಳಿಗ್ಗೆ ಟೆಂಪೊ ತಗೊಂಡು ಬೆಳಗಾವಿಗೆ ಹೋದರೆ ಸಂಜೆ ಖಾನಾಪುರಕ್ಕೆ ಬಂದೇ ಬರುತ್ತಿದ್ದಿರಿ. ಈಗ ಬರೆಯದೆ ಬೇರೆ ದಾರಿ ಇಲ್ಲ. ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಮ್ಮ ರೂಪಾ ಪಿಯುಸಿ ಚೆನ್ನಾಗಿ ಪಾಸಾದಳು, ಬೆಳಗಾವಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಉಳಿದದ್ದು...

ನಮ್ಮ ಲಗ್ನದ ದಿನ ನಿಮಗೆ ನೆನಪಿದೆಯಾ? ಬೈಲಹೊಂಗಲ ಕಡೆಯ ನನ್ನ ತವರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರೇ ಕಡೆತನಕ. ನಿಮ್ಮ ಮನೆಯಲ್ಲಿ ಸೊಸೆಗೆ ಹೊಸ ಹೆಸರು ಇಡುತ್ತಾರೆ ಅಂತ ನನಗೆ ಯಾರು ಹೇಳಿದ್ದರು? ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ನೀವು 'ಸುಮಿತ್ರಾ' ಅಂತ ಬರೆದಿರಿ. ಗಂಗವ್ವ ಅನ್ನುವ ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. "ಹೆಸರು ಹೆಂಗೈತೆವಾ?" ಅಂದರು ನಿಮ್ಮ ಅವ್ವ. "ಚಲೋ ಐತ್ರೀ. ಯಾರದದು?" ಅಂದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನೀವೂ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ನಕ್ಕಿರಿ.

ಆಮೇಲೆ ಸುಮಿತ್ರಾ ನಿಮ್ಮ ಬಾಯಲ್ಲಿ ಬೆಳೆದಳು. ರೂಪಾಳನ್ನು ಸಾಲಿಗೆ ಹಾಕುವ ದಿನ ಗುರುಗಳು ತಾಯಿ ಹೆಸರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನೀವು "ಸುಮಿತ್ರಾ" ಅಂದಿರಿ. ಏನು ಉಮೇದಿ ನಿಮ್ಮ ದನಿಯಲ್ಲಿ! ಆದರೆ ಆಧಾರ್ ಮಾಡಿಸುವಾಗ ದಾಖಲೆ ಬೇಕು ಅಂದರು, ನನ್ನ ಹತ್ತಿರ ಇದ್ದದ್ದು ತವರಿನ ಸಾಲಿಯ ಸರ್ಟಿಫಿಕೇಟ್ ಒಂದೇ. ಅದರಲ್ಲಿ ನಾನು ಗಂಗವ್ವ. ಒಂದು ಕಡೆ ಅವಳು, ಒಂದು ಕಡೆ ಇವಳು. ನೀವಿದ್ದಷ್ಟು ದಿನ ಎಲ್ಲ ಕಾಗದಕ್ಕೂ ನಿಮ್ಮ ಹೆಸರೇ ಸಾಕಾಗುತ್ತಿತ್ತು. ನಮ್ಮನ್ನು ಕೇಳುವವರು ಯಾರು?

ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಂಜು ಮೊದಲು ನಮ್ಮನ್ನು ಹಿಡಿದ. ವಿದ್ಯಾರ್ಥಿವೇತನ ಬಂದರೆ ಮಾತ್ರ ರೂಪಾಳ ಕಾಲೇಜು. ನೀವಿಲ್ಲದ್ದರಿಂದ ಆದಾಯ ಪ್ರಮಾಣಪತ್ರ ನನ್ನ ಹೆಸರಿನಲ್ಲಿ ಬೇಕಿತ್ತು, ಆಧಾರ್‌ನಲ್ಲಿದ್ದಂತೆ ಗಂಗವ್ವ ಅಂತ ಬಂತು. ರೂಪಾಳ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ತಾಯಿ ಸುಮಿತ್ರಾ. ಹೆಸರು ತಾಳೆಯಾಗದೆ ಕಂಪ್ಯೂಟರಿನಲ್ಲಿ ಅರ್ಜಿ ಕೆಂಪಾಯಿತು.

"ಅಕ್ಕಾರ, ಸುಮಿತ್ರಾ ಅಂದ್ರ ಯಾರ್ರೀ?"

"ನಾನರೀ."

"ಮತ್ತ ಗಂಗವ್ವ?"

"ಆಕಿನೂ ನಾನ."

"ಹಿಂಗಾದ್ರ ಹೆಂಗ್ರೀ? ಇದಕ್ಕ ತಾಯಿ ಒಬ್ಬಾಕಿನ ಬೇಕು."

ರೂಪಾ ನಕ್ಕಳು. "ಯವ್ವಾ, ಒಬ್ಬಾಕಿ ಬೈತಿ, ಒಬ್ಬಾಕಿ ಉಣ್ಣಾಕ ನೀಡ್ತಿ. ನನಗ ಮೊದ್ಲ ಸಂಶೆ ಇತ್ತ ನೋಡು." ಅವತ್ತು ನಾವು ಇನ್ನೂ ನಗುತ್ತಿದ್ದೆವು.

ಬೆಳಗಾವಿಯ ವಿದ್ಯಾರ್ಥಿವೇತನದ ಕಚೇರಿಯಲ್ಲಿ ನಗು ನಿಂತಿತು. ಇಬ್ಬರೂ ಒಬ್ಬಳೇ ಅಂತ ವಕೀಲರ ಹತ್ತಿರ ಮಾಡಿಸಿದ ಅಫಿಡವಿಟ್ ತೋರಿಸಿದೆ. ಮೇಜಿನ ಆಚೆ ಕೂತ ಅಧಿಕಾರಿ ಬಾಯಿಯವರು ಅದನ್ನು ತಿರುಗಿಸಿ ನೋಡಿ, "ಇಷ್ಟ ಸಾಲೂದಿಲ್ಲ. ಲಗ್ನದಾಗ ಹೆಸರು ಬದ್ಲಾತು ಅಂತೀರಿ, ಲಗ್ನ ನೋಂದಣಿ ಆಗೇತೇನು?" ಅಂದರು.

"ಇಲ್ರೀ."

"ಈಗ ಮಾಡಸ್ರಿ. ಗಂಡ ಹೆಂಡ್ತಿ ಇಬ್ಬರೂ ಬಂದು ಸಹಿ ಮಾಡಬೇಕು."

"ನಾ ಬರ್ತೀನ್ರೀ. ಅವರು ಬರೂದಿಲ್ಲ."

"ಯಾಕ, ಜಗಳ ಆಗೇತೇನು?"

"ಇಲ್ರೀ. ಜಗಳ ಆಗಿದ್ರ ಚಲೋ ಇತ್ತು."

ಅವರು ತಲೆ ಎತ್ತಿ ನನ್ನ ಹಣೆ ನೋಡಿದರು. "ಕುಂದರ್ರಿ," ಅಂದರು, ತಮ್ಮ ನೀರಿನ ಬಾಟಲಿ ಮುಂದೆ ಸರಿಸಿದರು. ಒಳ್ಳೆಯವರೇ. ಆದರೆ ಒಳ್ಳೆಯವರ ಕೈಯಲ್ಲೂ ಏನೂ ಇರಲಿಲ್ಲ.

ನನ್ನ ಅಜ್ಜಿ ಹೇಳುತ್ತಿದ್ದ ಕತೆ ನಿಮಗೂ ಹೇಳಿದ್ದೆ. ರಾಣಿ ಗಿಳಿಯಾಗಿರುತ್ತಾಳೆ, ರಾಜ ಬಂದು ಗುರುತು ಹಿಡಿದರೆ ತಿರುಗಿ ಹೆಣ್ಣಾಗುತ್ತಾಳೆ. ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿಯುತ್ತಾ ಈ ಕತೆಯನ್ನು ಗೆಳತಿಯರಿಗೆ ಎಷ್ಟು ಸಲ ಹೇಳಿಲ್ಲ! ಮೊನ್ನೆ ಮತ್ತೆ ಕೇಳಿದರು. ಶುರು ಮಾಡಿದೆ, ಗಿಳಿ ಮರದ ಮೇಲೆ ಕೂತಲ್ಲಿಗೆ ನಿಲ್ಲಿಸಿಬಿಟ್ಟೆ. "ಮುಂದ ಏನಾತ?" ಅಂದರು. ಗುರುತು ಹಿಡಿಯಬೇಕಾದ ರಾಜನೇ ಸತ್ತಿದ್ದರೆ ಮುಂದೆ ಏನಾಗುತ್ತದೆ? ಅಜ್ಜಿ ಅದನ್ನು ಹೇಳಿರಲಿಲ್ಲ.

ಫೀ ಕಟ್ಟುವ ಕಡೆಯ ದಿನ ಕಾಲೇಜಿನ ಆಫೀಸಿನ ಮುಂದೆ ನಾವು ಸಂಜೆತನಕ ನಿಂತೆವು. ಬಾಗಿಲು ಹಾಕಿಕೊಂಡರು. ಸೀಟು ಇನ್ನೊಬ್ಬರ ಮಗಳಿಗೆ ಹೋಯಿತು. ಅವಳೂ ಯಾರದೋ ಕನಸಿನ ಮಗಳೇ ಇರಬೇಕು, ಆಕೆಯನ್ನು ಹೇಗೆ ಬೈಯಲಿ? ಬಸ್ಸಿನಲ್ಲಿ ರೂಪಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ.

ಸೋಮವಾರದಿಂದ ಬೆಳಗಾವಿ ದಾರಿಯ ಮಚ್ಛೆಯ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದಾಳೆ, ಪ್ಯಾಕಿಂಗ್ ಕೆಲಸ. ಅವಳು ಹತ್ತುವ ಬಸ್ಸಿನಲ್ಲೇ ಅವಳ ಗೆಳತಿಯರು ಬೆಳಗಾವಿಯ ಕಾಲೇಜಿಗೆ ಹೋಗುತ್ತಾರೆ. ಮಚ್ಛೆ ಬಂದಾಗ ಇವಳೊಬ್ಬಳೇ ಇಳಿಯುತ್ತಾಳೆ. "ಬಸ್ಸ ಹೋಗೂತನಾ ನಿಂದರ್ತೀನಿ ಯವ್ವಾ, ಅವರು ಕೈ ಮಾಡ್ತಾರ," ಅಂದಳು ನಿನ್ನೆ. ನಾನು ರೊಟ್ಟಿ ತಟ್ಟುತ್ತಿದ್ದೆ. ಆಮೇಲೆ ಆ ರೊಟ್ಟಿ ಏನಾಯಿತೋ...

ಈಗ ಕಡೆಯ ಸುದ್ದಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇವೆ. ಬಂದೇ ಬರುತ್ತದೆ ಅನ್ನುವ ಧೈರ್ಯ ನನಗಿಲ್ಲ, ಹಾಕುವುದಂತೂ ಖರೇ. ಅದಕ್ಕೆ ಎರಡು ಹೆಸರಿನಲ್ಲಿ ಒಂದು ಹೋಗಬೇಕಂತೆ. ಗಂಗವ್ವನಿಗೆ ಕಾಗದ ಇದೆ. ಸುಮಿತ್ರಾಗೆ ಇದ್ದದ್ದು ನೀವೊಬ್ಬರೇ. ರೇಷನ್ ಕಾರ್ಡಿನಿಂದ ಅವಳನ್ನು ತೆಗೆಸಿದೆ. ರೂಪಾಳ ಅಂಕಪಟ್ಟಿ ತಿದ್ದಲು ಸಾಲಿಯಿಂದ ಬರೆದು ಕಳಿಸಿದ್ದಾರೆ. ಅಲ್ಲಿ ನನ್ನ ಕೈಯಿಂದಲೇ ಬರೆಸಿಕೊಂಡರು, ತಾಯಿಯ ಹೆಸರು ಸುಮಿತ್ರಾ ಅಂತ ತಪ್ಪಾಗಿ ಬಿದ್ದಿದೆ ಅಂತ. ತಪ್ಪಾಗಿ ಅಂತ ಬರೆದೆನ್ರೀ. ಸಿಟ್ಟಾಗಬೇಡಿ.

ಅರ್ಜಿಯಲ್ಲಿ ನಿಮ್ಮ ಹೆಸರಿನ ಮುಂದೆ 'ದಿವಂಗತ' ಅಂತ ಹಾಕಲು ಜಾಗ ಇದೆ. ಸುಮಿತ್ರಾಗೆ ಅದೂ ಇಲ್ಲ. ಆಕಿನ್ನ ನಿಮ್ಮ ಕಡೆನ ಕಳಸೇನಿ. ಬಂದ್ರ ಒಳಗ ಕರಕೋರಿ.

ನಿಮ್ಮ,
ಗಂಗವ್ವ